ಮಾನಸಿಕ ಆರೋಗ್ಯ ನರ್ಸಿಂಗ್‌ನಲ್ಲಿ ಸಿಬಿಟಿ: ನರ್ಸ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಾನಸಿಕ ವಿಭಾಗದ ವಾರ್ಡ್‌ಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಹೊಸದಾಗಿ ಡ್ಯೂಟಿಗೆ ಬಂದವರು, ನರ್ಸಿಂಗ್ ಓದುತ್ತಿರುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ರೋಗಿಯ ಪಕ್ಕ ಕೂತಾಗ ಬಾಯಿಗೆ ಬರಬೇಕಾದ ಮಾತುಗಳಿಗೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಿಬಿಟಿ ಅಂದರೆ ಏನು?

ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಕನ್ನಡದಲ್ಲಿ ಅರಿವಿನ ವರ್ತನಾ ಚಿಕಿತ್ಸೆ ಅನ್ನುತ್ತಾರೆ, ಆದರೆ ವಾರ್ಡ್‌ನಲ್ಲಿ ಎಲ್ಲರ ಬಾಯಲ್ಲೂ ಸಿಬಿಟಿಯೇ. ಇದೊಂದು ಮಾತಿನ ಚಿಕಿತ್ಸೆ. ಒಂದು ಘಟನೆ ನಮ್ಮನ್ನು ಎಷ್ಟು ಕುಗ್ಗಿಸುತ್ತದೆ ಅನ್ನುವುದರಲ್ಲಿ ಘಟನೆಯ ಪಾಲೂ ಇದೆ, ಅದಕ್ಕೆ ನಾವು ಕೊಟ್ಟ ಅರ್ಥದ ಪಾಲೂ ಇದೆ.

ರೌಂಡ್ಸ್‌ಗೆ ಬಂದ ಡಾಕ್ಟರು ಎರಡೇ ನಿಮಿಷ ನಿಂತು ಮುಂದೆ ಹೋದರು ಅಂತಿಟ್ಟುಕೊಳ್ಳಿ. ಒಬ್ಬ ರೋಗಿ ‘ನಾನು ಸುಧಾರಿಸಿದ್ದೇನೆ, ಅದಕ್ಕೇ ಬೇಗ ಹೋದರು’ ಅಂದುಕೊಳ್ಳುತ್ತಾರೆ. ಪಕ್ಕದ ಹಾಸಿಗೆಯವರು ‘ನನ್ನದು ವಾಸಿಯಾಗುವ ಕಾಯಿಲೆಯಲ್ಲ ಅಂತ ಅವರಿಗೆ ಗೊತ್ತಾಗಿದೆ’ ಅಂದುಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಆದದ್ದು ಒಂದೇ, ಅರ್ಥ ಎರಡು. ಎರಡನೆಯವರು ದಿನವಿಡೀ ಮಲಗೇ ಇದ್ದರೆ ಯಾರೂ ಮಾತಾಡಿಸುವುದಿಲ್ಲ. ಆಗ ‘ನೋಡಿ, ನನ್ನನ್ನು ಎಲ್ಲರೂ ಬಿಟ್ಟಿದ್ದಾರೆ’ ಅನ್ನುವ ಯೋಚನೆ ಇನ್ನೂ ಗಟ್ಟಿಯಾಗುತ್ತದೆ. ಈ ಸುತ್ತನ್ನು ರೋಗಿಯ ಜೊತೆಗೇ ಕೂತು ಗುರುತಿಸಿ, ಎಲ್ಲಾದರೂ ಒಂದು ಕಡೆ ಬಿಡಿಸುವುದೇ ಸಿಬಿಟಿಯ ಕೆಲಸ.

ಇದು ಎಲ್ಲಿಂದ ಬಂತು?

ಎರಡು ಹೊಳೆಗಳು ಸೇರಿ ಆದದ್ದು. ಒಂದು ವರ್ತನೆಯ ಕಡೆಯದು. 1950ರ ದಶಕದಲ್ಲಿ ಮನೋವೈದ್ಯ ಜೋಸೆಫ್ ವೋಲ್ಪೆಯಂಥವರು ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಕ್ರಮ ತಂದರು. ಇನ್ನೊಂದು ಯೋಚನೆಯ ಕಡೆಯದು. ಮನೋವಿಜ್ಞಾನಿ ಆಲ್ಬರ್ಟ್ ಎಲಿಸ್ 1950ರ ದಶಕದ ನಡುವಿನಿಂದ ಈ ದಾರಿಯಲ್ಲಿ ನಡೆದರು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮನೋವೈದ್ಯ ಆ್ಯರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತನ್ನು ಗಮನವಿಟ್ಟು ಕೇಳಿದರು. ಅವರ ತಲೆಯಲ್ಲಿ ಕ್ಷಣದಲ್ಲಿ ಮಿಂಚಿ ಹೋಗುವ ಯೋಚನೆಗಳಿರುತ್ತವೆ, ತಮ್ಮ ಬಗ್ಗೆ, ಲೋಕದ ಬಗ್ಗೆ, ನಾಳೆಯ ಬಗ್ಗೆ ಅವೆಲ್ಲ ಕೆಟ್ಟದ್ದನ್ನೇ ಹೇಳುತ್ತವೆ ಅಂತ ಕಂಡುಕೊಂಡರು. ಬೆಕ್ 2021ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು.

ನಾನು ನರ್ಸ್, ಥೆರಪಿಸ್ಟ್ ಅಲ್ಲ. ಇದನ್ನು ನಾನು ಮಾಡಬಹುದಾ?

ಮಾಡಬಹುದು, ಆದರೆ ಎಷ್ಟು ಅನ್ನುವುದು ನಿಮ್ಮ ತರಬೇತಿಯ ಮೇಲೆ ನಿಂತಿದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಮನೋವೈದ್ಯ ಐಸಾಕ್ ಮಾರ್ಕ್ಸ್ 1972ರಲ್ಲೇ ನರ್ಸ್‌ಗಳಿಗೆ ವರ್ತನಾ ಚಿಕಿತ್ಸೆಯ ತರಬೇತಿ ಶುರು ಮಾಡಿದರು. ಭಯ ಮತ್ತು ಗೀಳಿನ ರೋಗಿಗಳಿಗೆ ಆ ನರ್ಸ್‌ಗಳು ಕೊಟ್ಟ ಚಿಕಿತ್ಸೆ ಚೆನ್ನಾಗಿ ಫಲ ಕೊಟ್ಟಿತು. ಹಾಗಾಗಿ ‘ಇದು ನರ್ಸ್‌ಗಳ ಕೆಲಸವಲ್ಲ’ ಅನ್ನುವ ಮಾತಿಗೆ ಅರ್ಧ ಶತಮಾನದ ಹಿಂದೆಯೇ ಉತ್ತರ ಸಿಕ್ಕಿದೆ.

ಆದರೂ ಒಂದು ಗೆರೆ ಇದೆ. ವಾರಕ್ಕೊಮ್ಮೆ ಸುಮಾರು ಒಂದು ಗಂಟೆಯಂತೆ ತಿಂಗಳುಗಟ್ಟಲೆ ನಡೆಯುವ ಪೂರ್ತಿ ಸಿಬಿಟಿಗೆ ಬೇರೆಯದೇ ತರಬೇತಿ ಬೇಕು, ಮೇಲ್ವಿಚಾರಣೆಯೂ ಬೇಕು. ಅದರ ತತ್ವಗಳನ್ನು ದಿನದ ಆರೈಕೆಯಲ್ಲಿ ಬಳಸುವುದು ಇನ್ನೊಂದು. ಸ್ನಾನಕ್ಕೆ ಎಬ್ಬಿಸುವಾಗ, ಮಾತ್ರೆ ಕೊಡುವಾಗ, ರಾತ್ರಿ ನಿದ್ದೆ ಬಾರದೆ ಓಡಾಡುವವರ ಜೊತೆ ನಡೆಯುವಾಗ ನೀವು ಕೇಳುವ ಒಂದು ಪ್ರಶ್ನೆಯೂ ಸಿಬಿಟಿಯ ದಾರಿಯಲ್ಲಿರಬಹುದು. ಥೆರಪಿಸ್ಟ್‌ಗೆ ಸಿಗುವುದು ವಾರಕ್ಕೆ ಒಂದು ಗಂಟೆ. ಉಳಿದ ಹೊತ್ತೆಲ್ಲ ರೋಗಿಯ ಹತ್ತಿರ ಇರುವವರು ನಾವು ತಾನೆ?

ಇದೆಲ್ಲ ‘ಪಾಸಿಟಿವ್ ಆಗಿ ಯೋಚನೆ ಮಾಡಿ’ ಅನ್ನುವುದೇ ಅಲ್ವಾ?

ಖಂಡಿತ ಅಲ್ಲ. ಕುಗ್ಗಿ ಕೂತವರಿಗೆ ‘ಎಲ್ಲ ಸರಿಹೋಗುತ್ತೆ ಬಿಡಿ’ ಅಂದರೆ ‘ಇವರಿಗೆ ನನ್ನ ಕಷ್ಟ ಅರ್ಥವಾಗಿಲ್ಲ’ ಅನ್ನುವುದಷ್ಟೇ ಅವರಿಗೆ ತಲುಪುತ್ತದೆ. ಸಿಬಿಟಿ ಹುಡುಕುವುದು ನಿಜಕ್ಕೆ ಹತ್ತಿರವಾದ ಯೋಚನೆಯನ್ನು. ಕೆಲವೊಮ್ಮೆ ನಿಜವೇ ಕಹಿಯಾಗಿರುತ್ತದೆ. ಕೆಲಸ ಹೋಗಿದೆ, ಸಾಲ ಇದೆ, ಮದುವೆ ಮುರಿದಿದೆ. ಅಲ್ಲಿ ಯೋಚನೆಯನ್ನು ಪ್ರಶ್ನಿಸುತ್ತಾ ಕೂರಬಾರದು. ಸಮಸ್ಯೆಯನ್ನು ತುಂಡು ಮಾಡಿ, ಇವತ್ತು ಕೈಗೆ ಎಟಕುವ ತುಂಡು ಯಾವುದು ಅಂತ ಒಟ್ಟಿಗೆ ನೋಡಬೇಕು. ಹೊಡೆತ ತಿನ್ನುತ್ತಿರುವ ಹೆಂಗಸಿನ ಭಯ ಯೋಚನೆಯ ತಪ್ಪಲ್ಲ. ಆಕೆಗೆ ಬೇಕಾದದ್ದು ರಕ್ಷಣೆ.

ರೋಗಿಯ ಜೊತೆ ಎಲ್ಲಿಂದ ಶುರು ಮಾಡಬೇಕು?

ಒಂದು ಖಾಲಿ ಹಾಳೆಯಿಂದ. ಇತ್ತೀಚೆಗೆ ಮನಸ್ಸು ತುಂಬ ಕೆಟ್ಟ ಒಂದೇ ಒಂದು ಗಳಿಗೆಯನ್ನು ನೆನಪಿಸಿಕೊಳ್ಳಲು ಹೇಳಿ. ‘ಯಾವಾಗಲೂ ಹೀಗೇ’ ಅನ್ನುವ ಉತ್ತರಕ್ಕೆ ನಿಲ್ಲಬೇಡಿ, ‘ನಿನ್ನೆ ಯಾವಾಗ?’ ಅಂತ ಕೇಳಿ. ಆಮೇಲೆ ಐದು ವಿಷಯ ಬರೆಯಿರಿ: ಏನಾಯಿತು, ತಲೆಯಲ್ಲಿ ಏನು ಓಡಿತು, ಯಾವ ಭಾವನೆ ಬಂತು, ಮೈಯಲ್ಲಿ ಏನಾಯಿತು, ಏನು ಮಾಡಿದಿರಿ. ಒಂದರಿಂದ ಒಂದಕ್ಕೆ ಬಾಣದ ಗುರುತು ಹಾಕಿ. ಪೆನ್ನು ರೋಗಿಯ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು.

ಯೋಚನೆಗೂ ಭಾವನೆಗೂ ವ್ಯತ್ಯಾಸ ಹೇಳಿಕೊಡುವುದು ಇಲ್ಲೇ. ‘ನಾನು ಸೋತೆ ಅನ್ನಿಸುತ್ತೆ’ ಅನ್ನುವುದು ಯೋಚನೆ. ಅದರ ಜೊತೆ ಬರುವ ಬೇಸರ, ನಾಚಿಕೆ ಭಾವನೆ. ಭಾವನೆಗೆ ಸಾಮಾನ್ಯವಾಗಿ ಒಂದು ಪದ ಸಾಕು, ಯೋಚನೆಗೆ ಒಂದು ವಾಕ್ಯ ಬೇಕು. ಭಾವನೆ ಎಷ್ಟು ಜೋರಾಗಿತ್ತು ಅಂತ 0ರಿಂದ 100ರೊಳಗೆ ಅಂಕ ಹಾಕಿಸಿ. ಮುಂದಿನ ವಾರ ಹೋಲಿಸಿ ನೋಡಲು ಆ ಅಂಕ ಬೇಕಾಗುತ್ತದೆ.

ಯೋಚನೆ ತಪ್ಪು ಅಂತ ರೋಗಿಗೆ ಹೇಗೆ ತೋರಿಸುವುದು?

ತೋರಿಸಬೇಡಿ, ಕೇಳಿ. ಇಡೀ ಸಿಬಿಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ, ಕಲಿಯಲು ತುಂಬ ದಿನ ಹಿಡಿಯುವುದೂ ಇದೇ. ಸಾಕ್ರಟೀಸ್ ಮಾದರಿಯ ಪ್ರಶ್ನೆಗಳು ಅಂತ ಇದಕ್ಕೆ ಹೆಸರು. ಉತ್ತರ ನಿಮಗೆ ಮೊದಲೇ ಗೊತ್ತಿದ್ದು, ರೋಗಿಯನ್ನು ಅದರ ಕಡೆ ತಳ್ಳುತ್ತಿದ್ದರೆ ಅದು ವಾದವೇ ಹೊರತು ಪ್ರಶ್ನೆಯಲ್ಲ. ನಿಜವಾದ ಕುತೂಹಲ ಇರಬೇಕು.

ಒಬ್ಬ ತಾಯಿ ಹೇಳುತ್ತಾರೆ: ‘ನಾನು ಕೆಟ್ಟ ತಾಯಿ ಸಿಸ್ಟರ್.’

‘ಹಾಗೆ ಅನ್ನಿಸೋದು ತುಂಬ ನೋವಿನ ವಿಷಯ. ಇವತ್ತು ಯಾವಾಗ ಜಾಸ್ತಿ ಅನ್ನಿಸಿತು?’

‘ಬೆಳಿಗ್ಗೆ ಮಗಳು ಫೋನ್ ಮಾಡಿದಾಗ. ಅವಳು ಅತ್ತಳು.’

‘ಅವಳು ಯಾಕೆ ಅತ್ತಳು ಅಂದುಕೊಂಡಿರಿ?’

‘ನಾನು ಬಿಟ್ಟು ಬಂದೆ ಅಂತ.’

‘ಅವಳು ಏನು ಹೇಳಿದಳು?’

ಸ್ವಲ್ಪ ಹೊತ್ತು ಮೌನ. ‘ಅಮ್ಮಾ, ಯಾವಾಗ ಬರ್ತೀಯ ಅಂದಳು.’

ಇಲ್ಲಿ ನಿಲ್ಲಿ. ‘ನೋಡಿ, ಅವಳಿಗೆ ನೀವು ಬೇಕು’ ಅಂತ ನೀವೇ ಹೇಳಿಬಿಟ್ಟರೆ ಅದು ನಿಮ್ಮ ಮಾತಾಗುತ್ತದೆ. ‘ಆ ಮಾತನ್ನು ಈಗ ಮತ್ತೆ ಕೇಳಿಸಿಕೊಂಡರೆ ಏನನ್ನಿಸುತ್ತೆ?’ ಅಂದರೆ ಅವರೇ ಹುಡುಕುತ್ತಾರೆ. ಹುಡುಕಿದ್ದು ಉಳಿಯುತ್ತದೆ.

ಕೈಯಲ್ಲಿ ಇಟ್ಟುಕೊಳ್ಳಬಹುದಾದ ಇನ್ನೂ ಕೆಲವು ಪ್ರಶ್ನೆಗಳಿವೆ. ಈ ಯೋಚನೆ ನಿಜ ಅನ್ನಲು ಏನೇನು ಇದೆ, ಅಲ್ಲ ಅನ್ನಲು ಏನಿದೆ? ನಿಮ್ಮ ಅಕ್ಕನೋ ತಂಗಿಯೋ ಇದೇ ಮಾತು ಹೇಳಿದ್ದರೆ ಅವರಿಗೆ ಏನು ಹೇಳುತ್ತಿದ್ದಿರಿ? ಹಾಗೇ ಆಗಿಬಿಟ್ಟರೆ ಆಮೇಲೆ ಏನಾಗುತ್ತದೆ, ಆಗ ಯಾರು ಜೊತೆಗಿರುತ್ತಾರೆ? ಮೊದಲನೆಯ ಪ್ರಶ್ನೆಯ ಮೊದಲ ಅರ್ಧವನ್ನು ಬಿಡಬೇಡಿ. ಯೋಚನೆಯ ಪರವಾಗಿ ಇರುವುದನ್ನು ಕೇಳದೆ ವಿರುದ್ಧ ಇರುವುದನ್ನೇ ಕೇಳಿದರೆ ರೋಗಿಗೆ ನೀವು ಒಂದು ಪಕ್ಷ ಹಿಡಿದಿದ್ದೀರಿ ಅಂತ ತಕ್ಷಣ ಗೊತ್ತಾಗುತ್ತದೆ.

ಯೋಚನೆಯ ತಪ್ಪುಗಳ ಪಟ್ಟಿಯನ್ನು ರೋಗಿಗೆ ಕೊಡಬೇಕಾ?

ಕೆಲವರಿಗೆ ಉಪಯೋಗವಾಗುತ್ತದೆ. ಎದುರಿನವರ ಮನಸ್ಸು ಓದಿಬಿಡುವುದು, ನಾಳೆ ಆಗುವುದನ್ನು ಇವತ್ತೇ ಕೆಟ್ಟದಾಗಿ ತೀರ್ಮಾನಿಸುವುದು, ಪೂರ್ತಿ ಸರಿಯಿಲ್ಲದಿದ್ದರೆ ಪೂರ್ತಿ ಹಾಳು ಅನ್ನುವುದು, ಎಲ್ಲಕ್ಕೂ ತಾನೇ ಕಾರಣ ಅನ್ನುವುದು, ‘ಭಯ ಆಗ್ತಿದೆ ಅಂದಮೇಲೆ ಅಪಾಯ ಇರಲೇಬೇಕು’ ಅನ್ನುವುದು. ಇವಕ್ಕೆ ಹೆಸರು ಸಿಕ್ಕಾಗ ‘ಓ, ಇದು ನನ್ನೊಬ್ಬನಿಗೆ ಮಾತ್ರ ಆಗುವುದಲ್ಲ’ ಅಂತ ಸಮಾಧಾನವಾಗುತ್ತದೆ. ಆದರೆ ತಮ್ಮನ್ನು ತಾವೇ ಬೈದುಕೊಳ್ಳುವ ಸ್ವಭಾವದವರಿಗೆ ಪಟ್ಟಿ ಕೊಟ್ಟರೆ ‘ನಾನು ಯೋಚನೆ ಮಾಡೋದೂ ತಪ್ಪೇ’ ಅಂತ ಇನ್ನೊಂದು ಹೊರೆ ಹೊರುತ್ತಾರೆ. ಅವರಿಗೆ ಬೇಡ.

ಹಾಸಿಗೆ ಬಿಟ್ಟು ಏಳದವರ ಜೊತೆ ಏನು ಮಾಡುವುದು? ಮಾತೇ ಆಡುವುದಿಲ್ಲವಲ್ಲ?

ಖಿನ್ನತೆ ಜೋರಾಗಿದ್ದಾಗ ಯೋಚನೆಯಿಂದ ಶುರು ಮಾಡಬೇಡಿ, ಚಟುವಟಿಕೆಯಿಂದ ಶುರು ಮಾಡಿ. ವರ್ತನೆಯನ್ನು ಚುರುಕುಗೊಳಿಸುವ ಈ ವಿಧಾನಕ್ಕೆ 1970ರ ದಶಕದಲ್ಲಿ ಮನೋವಿಜ್ಞಾನಿ ಪೀಟರ್ ಲೆವಿನ್ಸನ್ ಮಾಡಿದ ಕೆಲಸ ಬುನಾದಿ. 1996ರಲ್ಲಿ ಮನೋವಿಜ್ಞಾನಿ ನೀಲ್ ಜೇಕಬ್‌ಸನ್ ಮತ್ತು ಜೊತೆಗಾರರು ಸಿಬಿಟಿಯನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದಾಗ, ಖಿನ್ನತೆಯಲ್ಲಿ ಈ ಒಂದು ಭಾಗವೇ ಪೂರ್ತಿ ಚಿಕಿತ್ಸೆಯಷ್ಟು ಫಲ ಕೊಟ್ಟಿತ್ತು. ನರ್ಸ್‌ಗಳ ಕೈಗೆ ಇದು ಹೇಳಿ ಮಾಡಿಸಿದ ಹಾಗಿದೆ ಅಂತ ನನ್ನ ನಂಬಿಕೆ.

‘ಮನಸ್ಸು ಬಂದಾಗ ಮಾಡ್ತೀನಿ’ ಅಂತ ರೋಗಿ ಕಾಯುತ್ತಾರೆ. ಖಿನ್ನತೆಯಲ್ಲಿ ಆ ಮನಸ್ಸು ತಾನಾಗಿ ಬರುವುದೇ ಇಲ್ಲ. ಮಾಡಿದ ಮೇಲೆ, ಅದೂ ಸ್ವಲ್ಪವೇ, ಬರುತ್ತದೆ. ಇದನ್ನು ಅವರಿಗೆ ಮೊದಲೇ ತಿಳಿಸಿ. ಮೊದಲ ಎರಡು ಮೂರು ದಿನ ಏನನ್ನೂ ಬದಲಿಸದೆ, ಗಂಟೆಗೊಮ್ಮೆ ಏನು ಮಾಡುತ್ತಿದ್ದರು, ಮನಸ್ಸು ಹೇಗಿತ್ತು ಅಂತ ಬರೆಸಿ. ಅವರಿಗೆ ಬರೆಯಲು ಆಗದಿದ್ದರೆ ನೀವೇ ಕೇಳಿ ಬರೆದುಕೊಳ್ಳಿ. ದಿನವೆಲ್ಲ ಒಂದೇ ಥರ ಅನ್ನುತ್ತಿದ್ದವರ ಹಾಳೆಯಲ್ಲೂ ಏರಿಳಿತ ಕಾಣುತ್ತದೆ. ಕಿಟಕಿ ಹತ್ತಿರ ಕೂತಿದ್ದ ಅರ್ಧ ಗಂಟೆ ಮನಸ್ಸಿನ ಭಾರ 90ರಿಂದ 70ಕ್ಕೆ ಇಳಿದಿತ್ತು ಅಂತ ಗೊತ್ತಾದರೆ ನಾಳೆಯ ಯೋಜನೆ ಅಲ್ಲೇ ಸಿಕ್ಕಿತು.

ಕೆಲಸಗಳು ತೀರಾ ಸಣ್ಣದಾಗಿರಲಿ. ‘ವಾಕಿಂಗ್ ಹೋಗಿ’ ಅನ್ನುವುದು ದೊಡ್ಡದು. ‘ಹತ್ತು ಗಂಟೆಗೆ ಎದ್ದು ಚಪ್ಪಲಿ ಹಾಕಿಕೊಂಡು ವಾರ್ಡ್ ಬಾಗಿಲಿನವರೆಗೆ, ನಾನೂ ಬರುತ್ತೇನೆ’ ಅನ್ನುವುದು ಸರಿ. ಖುಷಿ ಕೊಡುವುದು, ಮಾಡಿ ಮುಗಿಸಿದೆ ಅನ್ನಿಸುವುದು, ಜನರ ಜೊತೆ ಸೇರಿಸುವುದು, ಈ ಮೂರೂ ಬೆರೆತಿರಲಿ. ಹ್ಯಾಂಡೋವರ್‌ನಲ್ಲಿ ಮುಂದಿನ ಶಿಫ್ಟ್‌ನವರಿಗೆ ಹೇಳುವುದನ್ನು ಮರೆಯಬೇಡಿ. ಬೆಳಿಗ್ಗೆ ಕಷ್ಟಪಟ್ಟು ಎದ್ದವರನ್ನು ಸಂಜೆಯವರು ‘ಪಾಪ, ಮಲಗಿಕೊಳ್ಳಲಿ’ ಅಂತ ಬಿಟ್ಟರೆ ಕಷ್ಟಪಟ್ಟದ್ದೆಲ್ಲ ನೀರಲ್ಲಿ ಹೋಮ.

ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಏರುವ ತೀವ್ರ ಭಯ) ಬಂದಾಗ?

ಮೊದಲ ಸಲವಾದರೆ ಅಥವಾ ಲಕ್ಷಣಗಳು ಹೊಸದಾಗಿದ್ದರೆ ದೇಹದ ಕಾಯಿಲೆ ಅಲ್ಲ ಅಂತ ಖಚಿತ ಮಾಡಿಕೊಳ್ಳಿ. ನಾಡಿ, ಬಿಪಿ, ಆಮ್ಲಜನಕದ ಮಟ್ಟ ನೋಡಿ, ಡಾಕ್ಟರಿಗೆ ತಿಳಿಸಿ. ಎದೆನೋವನ್ನು ‘ಬರೀ ಆತಂಕ’ ಅಂತ ಯಾವತ್ತೂ ತಳ್ಳಿಹಾಕಬೇಡಿ.

ಪ್ಯಾನಿಕ್ಕೇ ಅಂತ ಗೊತ್ತಿದ್ದಾಗ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ಕೊಟ್ಟ ವಿವರಣೆ ಸಹಾಯಕ್ಕೆ ಬರುತ್ತದೆ. ಎದೆ ಬಡಿತ ಏರುತ್ತದೆ, ‘ಹಾರ್ಟ್ ನಿಂತುಹೋಗುತ್ತೆ’ ಅನ್ನುವ ಅರ್ಥ ಬರುತ್ತದೆ, ಆ ಅರ್ಥದಿಂದ ಭಯ ಏರುತ್ತದೆ, ಭಯದಿಂದ ಬಡಿತ ಇನ್ನೂ ಏರುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ತುದಿ ಮುಟ್ಟಿ ಇಳಿಯುತ್ತದೆ. ಆದರೆ ರೋಗಿ ಕೂತುಬಿಡುತ್ತಾರೆ, ಗೋಡೆ ಹಿಡಿಯುತ್ತಾರೆ, ನೀರಿನ ಬಾಟಲಿ ಇಲ್ಲದೆ ಎಲ್ಲೂ ಹೋಗುವುದಿಲ್ಲ. ಹಾಗಾಗಿ ‘ಅದರಿಂದಲೇ ಉಳಿದೆ’ ಅಂತ ನಂಬುತ್ತಾರೆ. ಸುರಕ್ಷತೆಗೆ ಅಂತ ಮಾಡುವ ಈ ಕೆಲಸಗಳೇ ಭಯವನ್ನು ಕಾಪಾಡುತ್ತವೆ. ದೀರ್ಘ ಉಸಿರಾಟವೂ ಕೆಲವರಿಗೆ ಅಂಥದ್ದೇ ಆಗಿಬಿಡುತ್ತದೆ, ಅದಕ್ಕೇ ನಾನು ಅದನ್ನು ಎಲ್ಲರಿಗೂ ಹೇಳಿಕೊಡುವುದಿಲ್ಲ. ಅಟ್ಯಾಕ್ ಇಳಿದ ಮೇಲೆ ಸಣ್ಣ ಪ್ರಯೋಗ ಮಾಡಬಹುದು: ಗೋಡೆ ಹಿಡಿಯದೆ ಕಾರಿಡಾರ್ ದಾಟಿದರೆ ಏನಾಗುತ್ತದೆ ಅಂತ ಮೊದಲೇ ಬರೆದಿಟ್ಟು, ದಾಟಿ, ಆಮೇಲೆ ಏನಾಯಿತು ಅಂತ ಬರೆಯುವುದು.

ಇಂಜೆಕ್ಷನ್, ರಕ್ತ ಕಂಡರೆ ತಲೆ ಸುತ್ತಿ ಬೀಳುವವರಿಗೂ ಇದೇನಾ?

ಇಲ್ಲ, ಇದು ಬೇರೆ. ಪ್ಯಾನಿಕ್‌ನಲ್ಲಿ ಸಾಮಾನ್ಯವಾಗಿ ಬಿಪಿ ಏರುತ್ತದೆ, ಹಾಗಾಗಿ ಬೀಳುವುದು ಅಪರೂಪ. ರಕ್ತ ಮತ್ತು ಸೂಜಿಯ ಭಯದಲ್ಲಿ ಮೊದಲು ಏರಿ ಆಮೇಲೆ ಥಟ್ಟನೆ ಇಳಿಯುತ್ತದೆ. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಯೋರನ್ ಓಸ್ಟ್ ಇದಕ್ಕೆ ಸ್ನಾಯು ಬಿಗಿಯುವ ವಿಧಾನ ತಂದರು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬಿಸಿಯಾಗುವವರೆಗೆ, ಬಿಗಿ ಹಿಡಿಯುವುದು. 20ರಿಂದ 30 ಸೆಕೆಂಡು ಬಿಡುವುದು. ಹೀಗೆ ಐದು ಸಲ. ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಡಿಸಿ. ಇಂಥವರಿಗೆ ‘ರಿಲ್ಯಾಕ್ಸ್ ಆಗಿ’ ಅಂದರೆ ಬೀಳುವುದು ಇನ್ನೂ ಸುಲಭವಾಗುತ್ತದೆ!

ಗೀಳು ಕಾಯಿಲೆಯವರು ‘ಕೈ ಕ್ಲೀನ್ ಇದೆಯಾ ಸಿಸ್ಟರ್?’ ಅಂತ ನೂರು ಸಲ ಕೇಳಿದರೆ?

‘ಇದೆ’ ಅಂತ ಹೇಳುವುದು ಕರುಣೆಯ ಹಾಗೆ ಕಾಣುತ್ತದೆ. ಆದರೆ ಆ ‘ಇದೆ’ ಕೆಲವೇ ನಿಮಿಷ ನಿಲ್ಲುತ್ತದೆ, ಮತ್ತೆ ಕೇಳಬೇಕು ಅನ್ನಿಸುತ್ತದೆ. ನಿಮ್ಮ ಉತ್ತರವೂ ಕೈ ತೊಳೆಯುವ ಆಚರಣೆಯ ಭಾಗವಾಗಿಬಿಡುತ್ತದೆ. 1966ರಲ್ಲಿ ಮನೋವಿಜ್ಞಾನಿ ವಿಕ್ಟರ್ ಮೇಯರ್, ಆಸ್ಪತ್ರೆಯಲ್ಲಿದ್ದ ಇಬ್ಬರು ಗೀಳಿನ ರೋಗಿಗಳಿಗೆ ಹೊಸ ಚಿಕಿತ್ಸೆ ಕೊಟ್ಟ ವಿವರ ಪ್ರಕಟಿಸಿದರು. ಭಯ ಹುಟ್ಟಿಸುವುದನ್ನು ಎದುರಿಸುವುದು, ಆಚರಣೆಯನ್ನು ತಡೆದು ನಿಲ್ಲಿಸುವುದು. ಅಲ್ಲಿ ರೋಗಿಯ ಜೊತೆ ಹಗಲೆಲ್ಲ ನಿಂತವರು ನರ್ಸ್‌ಗಳು.

ಉತ್ತರ ನಿಲ್ಲಿಸುವ ಮೊದಲು ರೋಗಿಯ ಜೊತೆ ಮಾತಾಡಿ ಒಪ್ಪಂದ ಮಾಡಿಕೊಳ್ಳಬೇಕು. ಒಪ್ಪಿಗೆ ಇಲ್ಲದೆ ತಡೆದರೆ ಅದು ಶಿಕ್ಷೆ. ಒಪ್ಪಂದವಾದ ಮೇಲೆ ಕೇಳಿದಾಗ ‘ಈ ಪ್ರಶ್ನೆ ಗೀಳಿನಿಂದ ಬರ್ತಿದೆ ಅಲ್ವಾ? ಉತ್ತರ ಕೊಡಲ್ಲ, ಆದರೆ ನಿಮ್ಮ ಜೊತೆ ಇಲ್ಲೇ ಕೂತಿರ್ತೀನಿ’ ಅನ್ನಿ. ಆಮೇಲೆ ನಿಜವಾಗಿಯೂ ಕೂತಿರಿ. ಇದು ಎಲ್ಲ ಶಿಫ್ಟ್‌ನಲ್ಲೂ ಒಂದೇ ಥರ ನಡೆಯಬೇಕು.

ಧ್ವನಿ ಕೇಳಿಸುವವರಿಗೆ, ಭ್ರಮೆ ಇರುವವರಿಗೆ ಸಿಬಿಟಿ ಆಗುತ್ತದಾ?

ಔಷಧಿಯ ಜೊತೆಜೊತೆಗೆ ಆಗುತ್ತದೆ. ಭ್ರಮೆಯನ್ನು ಒಪ್ಪಲೂ ಬೇಡಿ, ಎದುರು ವಾದಿಸಲೂ ಬೇಡಿ. ‘ಯಾರೋ ಹಿಂಬಾಲಿಸ್ತಿದ್ದಾರೆ ಅನ್ನಿಸಿದಾಗ ಎಷ್ಟು ಭಯ ಆಗಿರಬೇಕು’ ಅಂದರೆ ನೀವು ಭಯವನ್ನು ಒಪ್ಪಿದಿರಿ, ಹಿಂಬಾಲಿಸುವವರನ್ನಲ್ಲ. ಧ್ವನಿಯ ಬಗ್ಗೆ ಕೇಳುವಾಗ ಅದು ಏನು ಹೇಳುತ್ತದೆ, ಹೇಳಿದ್ದನ್ನು ಮಾಡದಿದ್ದರೆ ಏನಾಗುತ್ತದೆ ಅಂತ ನಂಬಿದ್ದಾರೆ, ಯಾವಾಗ ಜೋರಾಗುತ್ತದೆ, ಯಾವಾಗ ಇಳಿಯುತ್ತದೆ ಅಂತ ತಿಳಿದುಕೊಳ್ಳಿ. ತನಗೋ ಬೇರೆಯವರಿಗೋ ಹಾನಿ ಮಾಡು ಅಂತ ಧ್ವನಿ ಆಜ್ಞೆ ಕೊಡುತ್ತಿದ್ದರೆ ತಂಡಕ್ಕೆ ಆಗಲೇ ತಿಳಿಸಬೇಕು. ನಿದ್ದೆಗೆಟ್ಟಾಗ, ಒಬ್ಬರೇ ಇದ್ದಾಗ, ಅತಿ ದುಃಖದಲ್ಲಿ ಕಾಯಿಲೆ ಇಲ್ಲದವರಿಗೂ ಇಂಥ ಅನುಭವ ಆಗುವುದುಂಟು ಅಂತ ತಿಳಿಸಿದರೆ ನಾಚಿಕೆ ಎಷ್ಟೋ ಕಡಿಮೆಯಾಗುತ್ತದೆ.

ಆತ್ಮಹತ್ಯೆಯ ಮಾತು ಬಂದರೆ ಸಿಬಿಟಿ ಮುಂದುವರಿಸಬೇಕಾ?

ಮೊದಲು ಸುರಕ್ಷತೆ. ನೇರವಾಗಿ ಕೇಳಿ: ‘ಸಾಯಬೇಕು ಅನ್ನುವ ಯೋಚನೆ ಬರ್ತಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ?’ ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತದೆ ಅನ್ನುವ ಹೆದರಿಕೆಗೆ ಆಧಾರ ಇಲ್ಲ. ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬೇಡಿ. ಅಪಾಯ ಹತ್ತಿರದಲ್ಲಿದ್ದರೆ ಒಬ್ಬರನ್ನೇ ಬಿಡಬೇಡಿ, ಡಾಕ್ಟರಿಗೂ ತಂಡಕ್ಕೂ ತಕ್ಷಣ ತಿಳಿಸಿ, ಹಾನಿ ಮಾಡಿಕೊಳ್ಳಬಹುದಾದ ವಸ್ತುಗಳನ್ನು ದೂರ ಮಾಡಿ.

ಆಮೇಲೆ ಮನೋವಿಜ್ಞಾನಿಗಳಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯನ್ನು ರೋಗಿಯ ಮಾತಿನಲ್ಲೇ ಬರೆಸಬಹುದು. ಕೆಡುವ ಮುನ್ಸೂಚನೆ ಏನು, ತಾನೇ ಏನು ಮಾಡಿಕೊಳ್ಳಬಹುದು, ಯಾರ ಜೊತೆ ಅಥವಾ ಎಲ್ಲಿ ಹೋದರೆ ಮನಸ್ಸು ಬೇರೆ ಕಡೆ ಹೋಗುತ್ತದೆ, ಸಹಾಯಕ್ಕೆ ಯಾರನ್ನು ಕರೆಯಬಹುದು, ಯಾವ ವೈದ್ಯರ ಅಥವಾ ಸಹಾಯವಾಣಿಯ ನಂಬರ್, ಮನೆಯನ್ನು ಹೇಗೆ ಸುರಕ್ಷಿತ ಮಾಡುವುದು. ಡಿಸ್ಚಾರ್ಜ್ ದಿನ ಆ ಹಾಳೆ ಅವರ ಕೈಯಲ್ಲೇ ಇರಬೇಕು.

ಮುಂದಿನ ಭೇಟಿಯೊಳಗೆ ಮಾಡಿ ಬನ್ನಿ ಅಂತ ಕೊಟ್ಟ ಹೋಂವರ್ಕ್ ಮಾಡದೆ ಬಂದರೆ?

ಬೈಯಬೇಡಿ. ‘ಮಾಡೋಕೆ ಹೋದಾಗ ಏನು ಅಡ್ಡ ಬಂತು?’ ಅಂತ ಕೇಳಿ. ಹೆಚ್ಚಿನ ಸಲ ಕೆಲಸ ದೊಡ್ಡದಾಗಿತ್ತು, ಇಲ್ಲವೇ ಯಾಕೆ ಅಂತ ನಾವು ಹೇಳಿರಲಿಲ್ಲ. ಓದು ಬರಹ ಬಾರದವರಿಗೆ ಹಾಳೆ ಕೊಟ್ಟದ್ದೂ ಇರಬಹುದು. ಅಂಥವರಿಗೆ ಚಿತ್ರ, ಟಿಕ್ ಗುರುತು, ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡುವುದು, ಏನು ಆಗುತ್ತದೋ ಅದು.

ಡ್ಯೂಟಿಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಆಗ?

ಹತ್ತು ನಿಮಿಷ ಸಾಕಾಗುತ್ತದೆ, ಒಂದೇ ವಿಷಯ ಹಿಡಿದರೆ. ಎರಡು ನಿಮಿಷ ನಿನ್ನೆಯ ಸಣ್ಣ ಕೆಲಸ ಏನಾಯಿತು ಅಂತ ಕೇಳಲು, ಐದಾರು ನಿಮಿಷ ಇವತ್ತಿನ ಒಂದು ಗಳಿಗೆಯ ಬಗ್ಗೆ ಮಾತಾಡಲು, ಉಳಿದದ್ದು ನಾಳೆಗೆ ಏನು ಅಂತ ಒಪ್ಪಿಕೊಳ್ಳಲು. ಕೇಸ್ ಶೀಟ್‌ನಲ್ಲಿ ‘ಧೈರ್ಯ ಹೇಳಲಾಯಿತು’ ಅಂತ ಬರೆದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಯೋಚನೆಯನ್ನು ರೋಗಿಯ ಮಾತಿನಲ್ಲೇ ಬರೆಯಿರಿ, ಅಂಕ ಬರೆಯಿರಿ, ಒಪ್ಪಿಕೊಂಡ ಕೆಲಸ ಬರೆಯಿರಿ. ಖಿನ್ನತೆ ಅಳೆಯಲು ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಬಳಸುತ್ತಿದ್ದರೆ ಅದರಲ್ಲಿ 9 ಪ್ರಶ್ನೆಗಳಿವೆ, ಒಟ್ಟು ಅಂಕ 0ರಿಂದ 27. ಒಟ್ಟು ಎಷ್ಟೇ ಬಂದಿರಲಿ, ಸಾವಿನ ಬಗ್ಗೆ ಕೇಳುವ ಒಂಬತ್ತನೆಯ ಪ್ರಶ್ನೆಗೆ ಏನು ಗುರುತು ಹಾಕಿದ್ದಾರೆ ಅಂತ ಬೇರೆಯಾಗಿ ನೋಡಿ.

ನಾನು ಎಲ್ಲಾದರೂ ತಪ್ಪು ಮಾತಾಡಿ ರೋಗಿಗೆ ನೋವು ಮಾಡಿಬಿಟ್ಟರೆ?

ಅನುಭವಸ್ಥರೊಬ್ಬರ ಹತ್ತಿರ ಹೇಳಿಕೊಳ್ಳಿ. ಮೇಲ್ವಿಚಾರಣೆ ಇರುವುದೇ ಅದಕ್ಕೆ.

ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬ ಹಿರಿಯ ಹೆಂಗಸು ‘ನಾನು ಎಲ್ಲರಿಗೂ ಭಾರ’ ಅಂದಿದ್ದರು. ನಾನು ಒಂದರ ಮೇಲೊಂದು ಸಾಕ್ಷಿ ಕೊಟ್ಟೆ: ಮಗ ದಿನಾ ಬರುತ್ತಾನೆ, ಸೊಸೆ ಫೋನ್ ಮಾಡುತ್ತಾಳೆ. ಆಕೆ ಸುಮ್ಮನಾದರು. ಎರಡು ದಿನ ನನ್ನ ಜೊತೆ ಮಾತಾಡಲೇ ಇಲ್ಲ. ನನಗೆ ಕಲಿಸುತ್ತಿದ್ದವರ ಹತ್ತಿರ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: ‘ಭಾರ ಅಂದರೆ ಅವರ ಅರ್ಥದಲ್ಲಿ ಏನು ಅಂತ ಕೇಳಿದೆಯಾ?’ ಕೇಳಿರಲಿಲ್ಲ.

ಮೂರನೇ ದಿನ ಹೋಗಿ ‘ಅವತ್ತು ನಾನು ನಿಮ್ಮ ಮಾತು ಕೇಳಿಸಿಕೊಳ್ಳಲಿಲ್ಲ ಅಮ್ಮ, ವಾದ ಮಾಡಿದೆ. ತಪ್ಪಾಯಿತು’ ಅಂದೆ. ಆಕೆ ಕಾಲು ಮಡಚಿ ಹಾಸಿಗೆಯ ತುದಿಯಲ್ಲಿ ಜಾಗ ಮಾಡಿದರು. ರಾತ್ರಿ ಬಾತ್‌ರೂಮಿಗೆ ಹೋಗಲು ಮಗನನ್ನು ಎಬ್ಬಿಸಬೇಕಾಗುತ್ತಿತ್ತು, ಭಾರ ಅಂದದ್ದು ಅಷ್ಟಕ್ಕೇ. ಆ ಮಧ್ಯಾಹ್ನ ನಾವಿಬ್ಬರೂ ಕೂತು, ರಾತ್ರಿ ಆಕೆ ಒಬ್ಬರೇ ಎದ್ದು ಹೋಗಲು ಏನೇನು ಬೇಕು ಅಂತ ಪಟ್ಟಿ ಮಾಡಿದೆವು.